ಕಚ್ಚದೆ ಕಚ್ಚುವ ವಿದ್ಯೆ

ಒಂದೂವರೆ ಸೆಕೆಂಡು. ಅಷ್ಟೇ! ಕಣ್ಣು ಮಿಟುಕಿಸಿದಿರೋ, ತಪ್ಪಿಹೋಯಿತು.

ತಿಪಟೂರು ಸೀಮೆಯ ಯಾವುದಾದರೂ ತೋಟದ ಮನೆಯ ಅಂಗಳ ಅಂದುಕೊಳ್ಳಿ. ಒಂದು ಪಕ್ಕ ಸುಲಿದ ಮಟ್ಟೆಯ ರಾಶಿ, ಇನ್ನೊಂದು ಪಕ್ಕ ಒಣಗಿದ ಗರಿಗಳ ಹೊರೆ. ರಾಶಿಯ ಬುಡದಲ್ಲಿ ವಯಸ್ಸಾದ ನಾಟಿ ನಾಯಿಯೊಂದು ತೆಂಗಿನ ಚೂರನ್ನು ಮುಂಗಾಲುಗಳ ನಡುವೆ ಇಟ್ಟುಕೊಂಡು ಕೆರೆದು ತಿನ್ನುತ್ತಿದೆ. ಎರಡು ತಿಂಗಳ ಮರಿಯೊಂದು ಎಲ್ಲಿಂದಲೋ ತಪತಪನೆ ಓಡಿಬಂದು ನೇರ ಆ ಚೂರಿಗೇ ಬಾಯಿ ಹಾಕಲು ಹೊರಡುತ್ತದೆ. ಈಗ ನೋಡಬೇಕು! ಹಿರಿಯ ನಾಯಿ ಅಗಿಯುವುದನ್ನು ನಿಲ್ಲಿಸುತ್ತದೆ. ಮೈಯೆಲ್ಲ ಬಿಗಿ. ಮರಿ ನಿಲ್ಲಲಿಲ್ಲ. ನಾಯಿಯ ತಲೆ ಅಲ್ಲಾಡಲಿಲ್ಲ, ಕಣ್ಣು ಮಾತ್ರ ಓರೆಯಾಗಿ ಬಿಳಿಗುಡ್ಡೆ ಕಾಣಿಸಿತು. ಮರಿ ನಿಲ್ಲಲಿಲ್ಲ. ಮೇಲ್ದುಟಿ ಒಂದು ಬದಿಯಲ್ಲಿ ಎದ್ದು ಕೋರೆಹಲ್ಲು ಹೊಳೆಯಿತು, ಗಂಟಲ ಆಳದಿಂದ ಗುರ್ರ್ ಎಂಬ ಸದ್ದು ಬಂತು. ಮರಿಗೆ ಅದೆಲ್ಲ ಯಾವ ಲೆಕ್ಕ? ಆಗ ಬಿತ್ತು ನೋಡಿ! ಆ ದೊಡ್ಡ ಬಾಯಿ ತೆರೆದು ಮರಿಯ ಇಡೀ ಮೂತಿಯೇ ಅದರೊಳಗೆ ಹೋಯಿತು. ಮರಿ ಊರಿಗೆಲ್ಲ ಕೇಳುವ ಹಾಗೆ ಕಿರುಚಿಕೊಂಡು ಅಂಗಾತ ಬಿತ್ತು. ಒಳಗಿಂದ ಅಜ್ಜಿ ಕೋಲು ಹಿಡಿದು ಓಡಿಬಂದರು: "ಅಯ್ಯೋ, ಮರೀನ ಕೊಂದಾಕ್ತೈತೆ, ಬಿಡಿಸ್ರೋ!"

ಮರಿಯನ್ನು ಎತ್ತಿಕೊಂಡು ಮೂತಿ ಒರೆಸಿ ನೋಡಿದರೆ ರಕ್ತವಿಲ್ಲ, ಗೀರಿಲ್ಲ, ಹಲ್ಲಿನ ಗುರುತೂ ಇಲ್ಲ. ಇರುವುದು ಒಂದಿಷ್ಟು ಎಂಜಲು.

ಇದೇ ಬಾಯಿ ಮಧ್ಯಾಹ್ನ ಮೂಳೆಯನ್ನು ಕಟಕಟನೆ ಪುಡಿ ಮಾಡಿತ್ತು. ನಿನ್ನೆ ರಾತ್ರಿ ತೋಟಕ್ಕೆ ನುಗ್ಗಿದ ಹಂದಿಯ ಹಿಂದೆ ಬಿದ್ದಿತ್ತು. ವಯಸ್ಕ ನಾಯಿಯ ಬಾಯಲ್ಲಿ 42 ಹಲ್ಲುಗಳಿವೆ. ಅಷ್ಟನ್ನೂ ಒಂದು ಎಳೆಯ ಮೂತಿಯ ಸುತ್ತ ಮುಚ್ಚಿ, ಚರ್ಮಕ್ಕೆ ತಾಗಿಸಿ, ಅದನ್ನು ಸೀಳದೆ ಬಿಡಬೇಕೆಂದರೆ ಎಂಥ ಹಿಡಿತ ಬೇಕು! ನಮ್ಮ ಕಡೆ ಇದಕ್ಕೆ ಸಮನಾದದ್ದು ಯಾವುದಾದರೂ ಇದ್ದರೆ ಅದು ಕೊಬ್ಬರಿ ಬಿಡಿಸುವ ಹೆಂಗಸರ ಕೈ. ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಕೂತು, ಒಳಗಿನ ನೀರೆಲ್ಲ ಇಂಗಿ ಒಣಗಿದ ಕಾಯಿ ಅದು. ಕರಟ ಒಡೆಯುವಷ್ಟು ಜೋರಾಗಿ ಹೊಡೆಯಬೇಕು, ಒಳಗಿನ ಉಂಡೆ ಕೊಬ್ಬರಿಗೆ ಏಟು ತಾಗಬಾರದು. ಹೋಳಾಯಿತೋ, ಮಾರುಕಟ್ಟೆಯಲ್ಲಿ ಬೆಲೆ ಇಳಿಯಿತು. ಆ ಹೆಂಗಸರಿಗೆ ಈ ಅಳತೆ ಕೈಗೆ ಬರಲು ವರ್ಷಗಟ್ಟಲೆ ಬೇಕು. ನಾಯಿಗೆ ಎಲ್ಲಿಂದ ಬಂತು?

ಇಲ್ಲಿಂದಲೇ ಸೋಜಿಗ ಶುರು. ಅದಕ್ಕೂ ಯಾರೋ ಕಲಿಸಿದ್ದರು!

ಮರಿಯ ಬಾಯಿಂದಲೇ ಹೊರಡೋಣ. ಹುಟ್ಟಿದಾಗ ಅದಕ್ಕೆ ಹಲ್ಲಿಲ್ಲ, ಕಣ್ಣಿಲ್ಲ, ಕಿವಿಯಿಲ್ಲ. ಕಣ್ಣು ತೆರೆಯುವುದು ಹತ್ತರಿಂದ ಹದಿನಾಲ್ಕು ದಿನಕ್ಕೆ. ಕಿವಿ ತೆರೆದುಕೊಳ್ಳುವುದು ಸುಮಾರು ಮೂರನೆಯ ವಾರದಲ್ಲಿ. ಅಂದರೆ ಅಲ್ಲಿಯತನಕ ಯಾರು ಎಷ್ಟು ಗುರುಗುಟ್ಟಿದರೂ ಮರಿಗೆ ಕೇಳಿಸುವುದೇ ಇಲ್ಲ. ಗದರಿಸಿ ಪ್ರಯೋಜನವಿಲ್ಲದ ಕಾಲ ಅದು. ಕಿವಿ ತೆರೆಯುವ ಹೊತ್ತಿಗೇ ಹಾಲುಹಲ್ಲೂ ಮೊಳೆಯತೊಡಗುತ್ತವೆ, ಆರರಿಂದ ಎಂಟು ವಾರದೊಳಗೆ 28 ಹಲ್ಲು ಸಾಲಾಗಿ ನಿಲ್ಲುತ್ತವೆ. ಕಚ್ಚುವ ಶಕ್ತಿಯೂ ಗದರಿಕೆ ಕೇಳುವ ಶಕ್ತಿಯೂ ಹೆಚ್ಚುಕಡಿಮೆ ಒಟ್ಟೊಟ್ಟಿಗೇ ಬರುತ್ತವೆ!

ಆ ಹಾಲುಹಲ್ಲನ್ನು ಬೆರಳಿಂದ ಮುಟ್ಟಿ ನೋಡಿದವರಿಗೆ ಗೊತ್ತು, ಸೂಜಿ. ಆದರೆ ದವಡೆಯಲ್ಲಿ ಕಸುವಿಲ್ಲ. ಮೂಳೆ ಕಡಿಯಲಾಗದ, ಬೇಟೆ ಹಿಡಿಯಲಾಗದ ಈ ಬಾಯಿಗೆ ಅಂಥ ಚೂಪು ಯಾಕೆ? ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪಶುವೈದ್ಯ ಇಯಾನ್ ಡನ್‌ಬಾರ್ ಇದಕ್ಕೆ ಕೊಡುವ ಕಾರಣ ಕೇಳಿದರೆ ತಲೆದೂಗಲೇಬೇಕು. ಹಲ್ಲು ಚೂಪಾಗಿರುವುದೇ ನೋವಾಗಲಿ ಎಂದು, ದವಡೆ ಮೆತ್ತಗಿರುವುದು ಗಾಯವಾಗದಿರಲಿ ಎಂದು. ಆಟದಲ್ಲಿ ಮರಿ ತನ್ನ ಒಡಹುಟ್ಟಿನ ಕಿವಿ ಕಚ್ಚುತ್ತದೆ, ಅದು ಕಿಂಯ್ ಎಂದು ಕೂಗಿ ಆಟ ಬಿಟ್ಟು ಹೋಗುತ್ತದೆ. ಕಚ್ಚಿದ್ದಕ್ಕೆ ದಂಡ ಒಂಟಿತನ. ಮುಂದಿನ ಸಲ ಇನ್ನೊಂದಿಷ್ಟು ಮೆತ್ತಗೆ. ನಾಲ್ಕೈದು ತಿಂಗಳಿಗೆ ಹಾಲುಹಲ್ಲು ಉದುರಿ ಗಟ್ಟಿಹಲ್ಲು ಬರುವಷ್ಟರಲ್ಲಿ, ದವಡೆಗೆ ನಿಜವಾದ ಬಲ ಕೂಡುವಷ್ಟರಲ್ಲಿ, ಎಷ್ಟು ಒತ್ತಿದರೆ ಎಷ್ಟು ನೋವು ಎಂಬ ಲೆಕ್ಕ ಮರಿಗೆ ಬಾಯಿಪಾಠ. ಈ ಮಾತು ಸಾಕಿದವರ, ಕಲಿಸಿದವರ ಅನುಭವದ್ದು, ಇದನ್ನು ತಕ್ಕಡಿಗೆ ಹಾಕಿ ಸಾಬೀತು ಮಾಡುವುದು ಸುಲಭವಲ್ಲ. ಆದರೂ ನನಗೆ ಇದಕ್ಕಿಂತ ಒಪ್ಪುವ ವಿವರಣೆ ಸಿಕ್ಕಿಲ್ಲ.

ಈಗ ತಾಯಿಯ ಸರದಿ. ಮಳೆಗಾಲ ಕಳೆದು ಬೆದೆಗೆ ಬರುವ ನಮ್ಮ ನಾಟಿ ನಾಯಿಗಳು ಹೆಚ್ಚಾಗಿ ಮರಿ ಹಾಕುವುದು ಚಳಿಗಾಲದಲ್ಲಿ. ಗರ್ಭ ಎರಡು ತಿಂಗಳದ್ದು. ಧನುರ್ಮಾಸದ ಹೊತ್ತಿಗೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಲ್ಲಿ ಮಟ್ಟೆ ರಾಶಿಯ ಸಂದು, ಪಂಪ್‌ಸೆಟ್ ಮನೆಯ ಹಿಂದುಗಡೆ, ಗರಿಯ ಗುಡ್ಡೆಯ ಕೆಳಗೆ ಕುಂಯ್‌ಗುಟ್ಟುವ ಸದ್ದು ಕೇಳುವುದು ಅದಕ್ಕೇ. ಮೊದಲ ವಾರಗಳಲ್ಲಿ ತಾಯಿ ಉದ್ದಕ್ಕೆ ಮಲಗಿ ಮೊಲೆ ಒಪ್ಪಿಸಿಬಿಡುತ್ತದೆ. ಆಮೇಲೆ? ಎದ್ದು ಕೂರುತ್ತದೆ. ಆಮೇಲೆ ನಿಂತುಕೊಂಡೇ ಹಾಲು ಕೊಡುತ್ತದೆ! ಮರಿಗಳು ಹಿಂಗಾಲ ಮೇಲೆ ನಿಂತು, ಜೋತುಬಿದ್ದು, ಜಾರಿ ಬಿದ್ದು, ಮತ್ತೆ ಎದ್ದು ಕುಡಿಯಬೇಕು. ಕುಡಿಯುತ್ತಿದ್ದಂತೆಯೇ ತಾಯಿ ನಡೆದುಬಿಡುತ್ತದೆ. ನೋಡುವವರಿಗೆ ಎಂಥ ಕಲ್ಲೆದೆಯ ತಾಯಿ ಅನ್ನಿಸಬೇಕು.

ತಾಳಿ. 2017ರಲ್ಲಿ ಎಮಿಲಿ ಬ್ರೇ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದಿದೆ. ಅಂಧರಿಗೆ ದಾರಿ ತೋರುವ ನಾಯಿಗಳನ್ನು ತಯಾರಿಸುವ ಅಮೆರಿಕದ ನ್ಯೂಜೆರ್ಸಿಯ 'ದಿ ಸೀಯಿಂಗ್ ಐ' ಸಂಸ್ಥೆಯಲ್ಲಿ 23 ತಾಯಂದಿರನ್ನೂ ಅವುಗಳ 98 ಮರಿಗಳನ್ನೂ ಅವರು ಹುಟ್ಟಿದಂದಿನಿಂದ ಗಮನಿಸಿದರು. ಮರಿಗಳು ದೊಡ್ಡವಾಗಿ ತರಬೇತಿ ಮುಗಿಸುವ ತನಕ ಕಾದು ಲೆಕ್ಕ ಹಾಕಿದರು. ಅತಿಯಾಗಿ ಮುದ್ದು ಮಾಡಿದ, ಸದಾ ಬಳಿಯಲ್ಲೇ ಇದ್ದ ತಾಯಂದಿರ ಮರಿಗಳು ಪರೀಕ್ಷೆಯಲ್ಲಿ ಹೆಚ್ಚು ಸೋತವು. ಗೆದ್ದವುಗಳಲ್ಲಿ ಹೆಚ್ಚಿನವು ಯಾರ ಮಕ್ಕಳು ಗೊತ್ತೇ? ಮಲಗದೆ, ಕೂತೋ ನಿಂತೋ ಹಾಲು ಕೊಟ್ಟ ತಾಯಂದಿರವು! ಹಾಲಿಗೆ ಪರದಾಡಿದ ಮರಿ ಮುಂದೆ ವಾಹನಗಳ ನಡುವೆ ಕುರುಡರ ಕೈಹಿಡಿದು ನಡೆಸುವ ಗಟ್ಟಿ ನಾಯಿಯಾಯಿತು. ನಮ್ಮ ಗರಿಗುಡ್ಡೆಯ ಕೆಳಗಿನ ತಾಯಿ ಈ ಪ್ರಬಂಧ ಓದಿಲ್ಲ. ಓದದೆಯೇ ನಿಂತುಕೊಂಡಿದೆ.

ಹಾಗೆಂದು ಎಲ್ಲ ತಾಯಂದಿರೂ ಒಂದೇ ಥರ ಅಲ್ಲ. ಕೆಲವು ಸಿಡುಕು, ಕೆಲವು ಸಾವಧಾನ. ಸ್ವೀಡನ್ನಿನ ಎರಿಕ್ ವಿಲ್ಸನ್ 1980ರ ದಶಕದಲ್ಲೇ ಜರ್ಮನ್ ಶೆಫರ್ಡ್ ತಾಯಂದಿರು ಹಾಲು ಬಿಡಿಸುವ ರೀತಿಯನ್ನು ಗಮನಿಸಿ, ಗದರುವುದರಲ್ಲಿ ತಾಯಿಯಿಂದ ತಾಯಿಗೆ ಎಷ್ಟು ಅಂತರ, ಅದರ ಗುರುತು ಮರಿಗಳ ಸ್ವಭಾವದಲ್ಲಿ ಹೇಗೆ ಉಳಿಯುತ್ತದೆ ಎಂದು ಬರೆದಿದ್ದರು.

ಹಾಲು ಬಿಡಿಸುವ ಈ ಜಗಳ ನಮ್ಮ ದೇಶದ ಬೀದಿಗಳಲ್ಲಿ ಹೇಗೆ ನಡೆಯುತ್ತದೆ ಎಂದು ಗಂಟೆಗಟ್ಟಲೆ ರಸ್ತೆಬದಿಯಲ್ಲಿ ನಿಂತು ಬರೆದುಕೊಂಡವರೂ ಇದ್ದಾರೆ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಅವರ ವಿದ್ಯಾರ್ಥಿಗಳು. ಈ ಅನಿಂದಿತಾ ಪಿಎಚ್.ಡಿ. ಮಾಡಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಾಘವೇಂದ್ರ ಗದಗಕರ್ ಅವರ ಬಳಿ, ಕಣಜದ ಹುಳುಗಳ ಸಮಾಜದ ಮೇಲೆ. ಗೂಡಿನಲ್ಲಿ ಯಾವ ಕಣಜ ಯಾರಿಗೆ ಏನು ಮಾಡಿತು ಎಂದು ಒಂದೊಂದನ್ನೂ ಬಣ್ಣದ ಚುಕ್ಕೆಯಿಟ್ಟು ಗುರುತಿಸಿ ನೋಡುವ ಶಿಸ್ತು ಅಲ್ಲಿಯದು. ಆ ಕಣ್ಣನ್ನೇ ಅವರು ಬೀದಿನಾಯಿಗಳ ಮೇಲೆ ತಿರುಗಿಸಿದರು. ನಾವೆಲ್ಲ ಕಲ್ಲು ಹೊಡೆದು ಓಡಿಸುವ ಪ್ರಾಣಿಯ ಮುಂದೆ ಒಬ್ಬರು ಪುಸ್ತಕ, ಪೆನ್ನು, ಗಡಿಯಾರ ಹಿಡಿದು ನಿಂತರಲ್ಲ, ಅದೇ ಒಂದು ಸುದ್ದಿ!

ಅವರಿಗೆ ಕಂಡದ್ದೇನು? ಮರಿಗಳಿಗೆ ಏಳನೆಯ ವಾರ ಬಂದ ಮೇಲೆ ತಾಯಿ ತಾನಾಗಿ ಹಾಲು ಕೊಡಲು ಬರುವುದು ಕಡಿಮೆಯಾಗುತ್ತ ಹೋಗುತ್ತದೆ. ಹದಿಮೂರನೆಯ ವಾರದ ತನಕ ಇದೇ ಎಳೆದಾಟ. ತಾಯಿ ಗುರ್ ಎನ್ನುತ್ತದೆ, ಎದ್ದು ಹೋಗುತ್ತದೆ. ಮರಿಗಳು ಬಿಡುವುದಿಲ್ಲ. ಅಷ್ಟೇ ಅಲ್ಲ, ಗುಂಪಿನಲ್ಲಿ ಹಾಲಿರುವ ಬೇರೆ ಹೆಣ್ಣು ನಾಯಿ ಇದ್ದರೆ ಅದರ ಬಳಿಗೂ ಹೋಗಿ ಕದ್ದು ಕುಡಿಯುತ್ತವೆ. ಹಾಲುಗಳ್ಳತನ! ಇದನ್ನು ಹೇಳುವ ಅವರ 2017ರ ಪ್ರಬಂಧದ ಹೆಸರಿನಲ್ಲೇ ಮರಿಗಳಿಗೆ ಸ್ವಾರ್ಥಿಗಳೆಂಬ ಬಿರುದಿದೆ. ಅದಕ್ಕೂ ಮೂರು ವರ್ಷ ಮೊದಲು ಅದೇ ತಂಡ ತಾಯಂದಿರನ್ನು ಸ್ವಾರ್ಥಿಗಳೇ ಎಂದು ಕೇಳಿ ಇನ್ನೊಂದು ಪ್ರಬಂಧ ಬರೆದಿತ್ತು. ಇಬ್ಬರನ್ನೂ ಬಿಡಲಿಲ್ಲ ಅವರು.

ಇನ್ನು 2018ರ ಪ್ರಬಂಧ. ಮನಬಿ ಪಾಲ್ ಮತ್ತು ಅನಿಂದಿತಾ ಅದಕ್ಕೆ ಇಟ್ಟ ಹೆಸರಿನ ಅರ್ಥ 'ಬೀದಿನಾಯಿಗಳ ಮಹಾನ್ ಭಾರತೀಯ ಅವಿಭಕ್ತ ಕುಟುಂಬಗಳು'! ಓದಿದಾಗ ಕೂತಲ್ಲಿಂದ ಏಳಬೇಕೆನಿಸಿತು. ಬೀದಿನಾಯಿ ಎಂದರೆ ಹುಟ್ಟಿಸಿದ ಅಪ್ಪ ಯಾರೋ, ಬೆಳೆಸುವವಳು ತಾಯಿಯೊಬ್ಬಳೇ ಎಂದಲ್ಲವೇ ನಮ್ಮ ಎಣಿಕೆ? ಅಲ್ಲಿ ಚಿಕ್ಕಮ್ಮ ದೊಡ್ಡಮ್ಮಂದಿರು ಮರಿ ನೋಡಿಕೊಳ್ಳುತ್ತಿದ್ದರು. ಅಪ್ಪನಾಗಿರಬಹುದಾದ ಗಂಡುಗಳೂ ಮರಿಗಳ ಜೊತೆ ಕಾಲ ಕಳೆಯುತ್ತಿದ್ದವು. ತಾಯಿ ಹಾಲು, ಅನ್ನ, ಮೈನೆಕ್ಕುವುದು ನೋಡಿಕೊಂಡರೆ ಗಂಡುಗಳದು ಹೆಚ್ಚಾಗಿ ಆಟ ಮತ್ತು ಕಾವಲು. ಅದಕ್ಕೂ ಮೊದಲೇ, 2014ರಲ್ಲಿ, ಅಜ್ಜಿಯೊಂದು ಮಗಳ ಮರಿಗಳನ್ನು ಸಾಕಿದ ಪ್ರಸಂಗವನ್ನೂ ಅವರು ದಾಖಲಿಸಿದ್ದರು. ಬಂಗಾಳದ ಕಟ್ವಾದಲ್ಲಿ ಸುನಿಲ್ ಕುಮಾರ್ ಪಾಲ್ 2005ರಲ್ಲೇ ಬರೆದಿದ್ದರು: ಮರಿಗಳಿರುವ ಜಾಗದ ಹತ್ತಿರ ಗಂಡು ಕಾವಲಿದ್ದು ಪರರನ್ನು ಹತ್ತಿರ ಬಿಡುವುದಿಲ್ಲ ಎಂದು.

ನಮ್ಮ ತೋಟಗಳ ಮಟ್ಟಿಗೆ ಇದರ ಅರ್ಥ ಏನು? ಅಂಗಳದಲ್ಲಿ ಕಾಯಿಚೂರು ಕೆರೆಯುತ್ತಿದ್ದ ಆ ವಯಸ್ಸಾದ ನಾಯಿ ಬೇರೆ ಯಾರೋ ಆಗಿರಬೇಕಿಲ್ಲ, ಅಜ್ಜನೋ ಅಜ್ಜಿಯೋ ಸೋದರತ್ತೆಯೋ ಆಗಿರಬಹುದು. ಮರಿಗೆ ಹಿರಿಯರಿಂದ ಬೀಳುವ ಗದರಿಕೆ ಮನೆಯೊಳಗಿನದೇ.

ಆ ಗದರಿಕೆಗೆ ಒಂದು ವರಸೆ ಇದೆ, ಅದನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಲು ಕಲಿತರೆ ಅಂಗಳದಲ್ಲಿ ದಿನವಿಡೀ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಮೊದಲು ಸುಮ್ಮನೆ ಮುಖ ತಿರುಗಿಸುವುದು. ತುಟಿ ನೆಕ್ಕಿಕೊಳ್ಳುವುದು. ಎದ್ದು ಬೇರೆ ಕಡೆ ಹೋಗಿ ಮಲಗುವುದು. ಹಿರಿಯ ನಾಯಿ ಮರಿಯಿಂದ ತಪ್ಪಿಸಿಕೊಂಡು ಜಗಲಿ ಹತ್ತಿ ಕೂರುತ್ತದಲ್ಲ, ಅದೂ ಪಾಠವೇ. ಅದಕ್ಕೂ ಬಗ್ಗದಿದ್ದರೆ ಮೈ ಮರಗಟ್ಟುತ್ತದೆ. ಆಮೇಲೆ ಓರೆನೋಟ, ಹಲ್ಲು, ಗುರ್. ಆಮೇಲೆ ಗಾಳಿಗೆ ಒಂದು ಕಚ್ಚು: ಹಲ್ಲು ಹಲ್ಲಿಗೆ ಬಡಿದು ಚಟ್ ಎನ್ನುತ್ತದೆ, ಮರಿಯಿಂದ ಬೇಕೆಂತಲೇ ಎರಡು ಬೆರಳು ದೂರ. ಕಟ್ಟಕಡೆಗೆ ಮೂತಿ ಹಿಡಿಯುವುದು. ಅದೂ ಅರೆಕ್ಷಣ. ಬಿಟ್ಟ ಕೂಡಲೇ ಹಿರಿಯ ನಾಯಿ ಏನೂ ಆಗಿಲ್ಲವೆಂಬಂತೆ ತನ್ನ ಕೆಲಸಕ್ಕೆ ಮರಳುತ್ತದೆ. ಸೇಡಿಲ್ಲ, ಮುನಿಸಿಲ್ಲ, ಸಂಜೆ ಅದೇ ಮರಿ ಅದರ ಹೊಟ್ಟೆಗೆ ಆತು ಮಲಗಿರುತ್ತದೆ.

ಇನ್ನೂ ಒಂದಿದೆ. ಈ ಗದರಿಕೆ ಎಲ್ಲ ಮರಿಗಳಿಗೂ ಒಂದೇ ಅಳತೆಯಲ್ಲಿ ಬೀಳುವುದಿಲ್ಲ! ತೀರಾ ಎಳೆಯ ಮರಿ ಬಾಲ ಎಳೆಯಲಿ, ಬೆನ್ನು ಹತ್ತಲಿ, ಹಿರಿಯ ನಾಯಿ ನಿಟ್ಟುಸಿರಿಟ್ಟು ಸುಮ್ಮನಿರುತ್ತದೆ. ನಾಲ್ಕೈದು ತಿಂಗಳಾಗುತ್ತಿದ್ದಂತೆ ಆ ರಿಯಾಯಿತಿ ಮುಗಿಯುತ್ತ ಬರುತ್ತದೆ. ಇದುವರೆಗೆ ನಡೆದ ಚೇಷ್ಟೆಗೇ ಈಗ ಗುರ್ ಬೀಳುತ್ತದೆ. ನಾಯಿ ಪಳಗಿಸುವವರು ಈ ರಿಯಾಯಿತಿಯನ್ನು ಮರಿಗಳ ಪರವಾನಗಿ ಎನ್ನುತ್ತಾರೆ. ತೋಟದಲ್ಲಿ ಕಾಯಿ ಕೀಳಲು ಬಂದವರೊಬ್ಬರು ಇದನ್ನೇ ತಮ್ಮ ಮಾತಿನಲ್ಲಿ ಹೇಳಿದರು: "ಸಣ್ಣುದು ಅಂತ ಇಷ್ಟು ದಿನ ಬಿಟ್ಟಿತ್ತು ಕಣ್ರೀ, ಈಗ ಬುದ್ಧಿ ಬರ್ಲಿ ಅಂತೈತೆ."

ಈ ಅಂಗಾತ ಬೀಳುವ ವಿಷಯಕ್ಕೆ ಬರಬೇಕು, ಯಾಕೆಂದರೆ ಇಲ್ಲಿ ಮನುಷ್ಯರು ಅರ್ಧ ಶತಮಾನ ದಾರಿ ತಪ್ಪಿದರು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ, ಗುಂಪಿನಲ್ಲಿ ಮೇಲುಗೈಗಾಗಿ ಸದಾ ಕಾದಾಟ ಎಂದು ಬರೆದರು. ಅದು ಬೇಲಿಯೊಳಗೆ ಕೂಡಿಹಾಕಿದ ತೋಳಗಳ ಕಥೆ. ಅದನ್ನೇ ಹಿಡಿದುಕೊಂಡು ನಾಯಿಯನ್ನು ಬಲವಂತವಾಗಿ ಅಂಗಾತ ಕೆಡವಿ ಅದುಮಿ ಹಿಡಿಯಬೇಕೆಂಬ ಪದ್ಧತಿ ಹುಟ್ಟಿತು. ಅಮೆರಿಕದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು 1978ರ ತಮ್ಮ ಪುಸ್ತಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. 2002ರ ಆವೃತ್ತಿಯಲ್ಲಿ ಅವರೇ ಇದು ಬೇಡ ಎಂದರು. ಅಷ್ಟರಲ್ಲಿ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳ ನಡುವೆ ವರ್ಷ ವರ್ಷ ಬೇಸಗೆ ಕಳೆದ ಡೇವಿಡ್ ಮೆಕ್ 1999ರಲ್ಲಿ ಬರೆದಾಗಿತ್ತು: ತೋಳದ ಗುಂಪು ಎಂದರೆ ಒಂದು ಸಂಸಾರ, ಅಪ್ಪ ಅಮ್ಮ ಮತ್ತು ಮಕ್ಕಳು. ನಮ್ಮ ಅಂಗಳದಲ್ಲೂ ಗಮನಿಸಿ ನೋಡಿ, ಮರಿಯನ್ನು ಯಾರೂ ಕೆಡವುವುದಿಲ್ಲ. ಮರಿ ತಾನಾಗಿ ಉರುಳುತ್ತದೆ, ಹೊಟ್ಟೆ ತೋರಿಸುತ್ತದೆ, ಕೆಲವೊಮ್ಮೆ ಎರಡು ಹನಿ ಉಚ್ಚೆಯನ್ನೂ ಹೊಯ್ದುಕೊಳ್ಳುತ್ತದೆ. ಅದು ಕ್ಷಮೆ ಕೇಳುವ ಭಾಷೆ, ಹಿರಿಯ ನಾಯಿ ಅದನ್ನು ಒಪ್ಪಿಕೊಂಡು ಮೂಸಿ ಬಿಟ್ಟುಬಿಡುತ್ತದೆ. ಬಿದ್ದವರನ್ನು ತುಳಿಯುವುದು ಆ ಮನೆಯಲ್ಲಿ ಇಲ್ಲ.

ಆಟದಲ್ಲೂ ಮರ್ಯಾದೆಯೇ! ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ನಾಯಿ ಬಗ್ಗುವುದನ್ನು ನೋಡದವರು ಯಾರು? ಅಮೆರಿಕದ ಮಾರ್ಕ್ ಬೆಕಾಫ್ 1970ರ ದಶಕದಿಂದ ಈ ಬಾಗುವಿಕೆಯ ಬೆನ್ನು ಹತ್ತಿದರು. ಚಿತ್ರಗಳನ್ನು ಒಂದೊಂದಾಗಿ ತಡೆದು ನೋಡಿ, 1995ರಲ್ಲಿ ಅವರು ಹೇಳಿದ ಮಾತು ಮೈ ಜುಮ್ಮೆನಿಸುತ್ತದೆ. ಕಚ್ಚಿ ತಲೆ ಒದರುವುದಿದೆಯಲ್ಲ, ಬೇಟೆಯನ್ನು ಕೊಲ್ಲುವ ವರಸೆ, ಅದು ಆಟದ ನಡುವೆ ಬಂದಾಗ ಅದರ ಮುಂಚೆಯೋ ಆದ ಕೂಡಲೆಯೋ ಈ ಬಾಗುವಿಕೆ ಬರುತ್ತದೆ. ಇನ್ನೂ ಆಟವೇ, ತಪ್ಪು ತಿಳಿಯಬೇಡ ಎಂದು ಹೇಳಿದ ಹಾಗೆ! ಮಿಶಿಗನ್ ವಿಶ್ವವಿದ್ಯಾಲಯದ ಕಮಿಲ್ ವಾರ್ಡ್, ಬಾರ್ಬರಾ ಸ್ಮಟ್ಸ್ ಮುಂತಾದವರು 2008ರಲ್ಲಿ ಒಂದೇ ಸೂಲಿನ ಮರಿಗಳನ್ನು ಗಮನಿಸಿ, ಗಂಡುಮರಿಗಳು ಹೆಣ್ಣುಮರಿಗಳ ಜೊತೆ ಆಡುವಾಗ ಬೇಕೆಂದೇ ತಮ್ಮನ್ನು ಸೋಲುವ ಭಂಗಿಗೆ ಒಡ್ಡಿಕೊಳ್ಳುವುದನ್ನು ಕಂಡರು. ಹಿರಿಯ ನಾಯಿ ಮರಿಯ ಮುಂದೆ ಅಂಗಾತ ಬಿದ್ದು ಗಂಟಲನ್ನೇ ಒಪ್ಪಿಸುವುದನ್ನು ನಮ್ಮ ಅಂಗಳದಲ್ಲೇ ಕಾಣಬಹುದು. ಅಲ್ಲಿ ಮೆತ್ತಗೆ ಕಚ್ಚಿದರೆ ಆಟ ಮುಂದುವರಿಯುತ್ತದೆ, ಜೋರಾಗಿ ಕಚ್ಚಿದರೆ ಹಿರಿಯ ಎದ್ದು ಹೊರಟುಬಿಡುತ್ತದೆ.

ಇದನ್ನೆಲ್ಲ 'ಕಲಿಸುವುದು' ಎನ್ನಬಹುದೇ? ವಿಜ್ಞಾನಿಗಳು ಈ ಪದವನ್ನು ಸುಲಭವಾಗಿ ಕೊಡುವುದಿಲ್ಲ. ಟಿಮ್ ಕಾರೊ ಮತ್ತು ಮಾರ್ಕ್ ಹೌಸರ್ 1992ರಲ್ಲಿ ಹಾಕಿದ ಷರತ್ತುಗಳು ಬಿಗಿಯಾಗಿವೆ: ಅರಿಯದವರ ಮುಂದೆ ಮಾತ್ರ ಗುರು ತನ್ನ ನಡವಳಿಕೆ ಬದಲಿಸಬೇಕು, ಅದರಿಂದ ಗುರುವಿಗೆ ಆ ಹೊತ್ತಿಗೆ ಲಾಭವಿರಬಾರದು, ಶಿಷ್ಯ ಅದರಿಂದ ಬೇಗ ಕಲಿಯಬೇಕು. ಕಲಹಾರಿ ಮರುಭೂಮಿಯ ಮೀರ್‌ಕ್ಯಾಟ್‌ಗಳು ಮರಿಗಳಿಗೆ ಚೇಳನ್ನು ಮೊದಲು ಸತ್ತದ್ದು, ಆಮೇಲೆ ಕೊಂಡಿ ಕಿತ್ತದ್ದು, ಕಡೆಗೆ ಇಡಿಯದು ಎಂದು ಕೊಟ್ಟು ಈ ಪರೀಕ್ಷೆ ಪಾಸಾದದ್ದು 2006ರಲ್ಲಿ. ನಾಯಿಯ ವಿಷಯದಲ್ಲಿ, ಕಾಯಿಚೂರು ಉಳಿಸಿಕೊಳ್ಳಲು ಗುರುಗುಟ್ಟಿದ್ದು ತನ್ನ ಲಾಭಕ್ಕೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಹೌದೆನ್ನಬೇಕಾಗುತ್ತದೆ. ಆದರೆ ಲಾಭಕ್ಕಾಗಿಯೇ ಆದರೆ ನೇರ ಕಚ್ಚಿಬಿಡುವುದು ಸಲೀಸು. ಅಷ್ಟೊಂದು ಮೆಟ್ಟಿಲು ಹತ್ತಿ, ಅಷ್ಟು ತಾಳ್ಮೆ ಹಿಡಿದು, ಹಲ್ಲಿನ ಬಲವನ್ನು ವಯಸ್ಸಿಗೆ ತಕ್ಕಂತೆ ಅಳೆದು ಬಳಸುವುದಕ್ಕೆ ನಾನಂತೂ ಬೇರೆ ಹೆಸರು ಕಾಣೆ.

ಮರಿಗಳು ಕಲಿಯುವುದಂತೂ ಸಾಬೀತಾಗಿದೆ. ದಕ್ಷಿಣ ಆಫ್ರಿಕಾದಲ್ಲಿ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾದಕವಸ್ತು ಹುಡುಕುವ ಪೊಲೀಸ್ ನಾಯಿಯ ಮರಿಗಳು ಆರರಿಂದ ಹನ್ನೆರಡು ವಾರದ ತನಕ ತಾಯಿಯ ಕೆಲಸವನ್ನು ಬರೀ ನೋಡಿದವು. ಆರು ತಿಂಗಳಾದಾಗ ಅದೇ ಕೆಲಸಕ್ಕೆ ಬಿಟ್ಟರೆ, ನೋಡದ ಮರಿಗಳಿಗಿಂತ ಎಷ್ಟೋ ಮುಂದಿದ್ದವು! ಬುಡಾಪೆಸ್ಟಿನ ಕ್ಲೌಡಿಯಾ ಫುಗಾಝಾ 2018ರಲ್ಲಿ ಎಂಟು ವಾರದ ಮರಿಗಳಿಗೆ ತಿಂಡಿಯಿರುವ ಪೆಟ್ಟಿಗೆ ತೆರೆಯುವುದನ್ನು ತೋರಿಸಿದರು. ಕೆಲವಕ್ಕೆ ತಾಯಿ ತೆರೆದು ತೋರಿಸಿತು, ಕೆಲವಕ್ಕೆ ಗುರುತಿಲ್ಲದ ಹಿರಿಯ ನಾಯಿ. ಯಾರಿಂದ ಚೆನ್ನಾಗಿ ಕಲಿತವು ಹೇಳಿ? ಗುರುತಿಲ್ಲದವರಿಂದ! ತಾಯಿಗಿಂತ ಹೊಸಬರ ಮೇಲೇ ಮರಿಗಳ ಕಣ್ಣು ಹೆಚ್ಚು ನೆಟ್ಟಿತ್ತು. ಮನೆಯವರು ಹೇಳಿದರೆ ಕೇಳದ ಮಕ್ಕಳು ಮೇಷ್ಟ್ರ ಮಾತು ಕೇಳುವುದು ನಮಗೇನು ಹೊಸದೇ?

ಕಾಡಿನ ದಾಯಾದಿಗಳಲ್ಲಿ ಕ್ರಮ ಬೇರೆ. ಬಂಡೀಪುರದ ಕೆನ್ನಾಯಿಗಳನ್ನು 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಹಿಂಬಾಲಿಸಿದರು, ಆಮೇಲೆ ನಮ್ಮ ಕೃಪಾಕರ ಸೇನಾನಿ ವರ್ಷಗಟ್ಟಲೆ ಅವುಗಳ ಜಾಡು ಹಿಡಿದರು. ಅಲ್ಲಿ ಬೇಟೆಯ ಮುಂದೆ ಮೊದಲ ಬಾಯಿ ಮರಿಗಳದು, ದೊಡ್ಡವು ಸುತ್ತ ಕಾದು ನಿಲ್ಲುತ್ತವೆ. ತೋಟದ ನಾಯಿಗೆ ಅಷ್ಟು ಔದಾರ್ಯವಿಲ್ಲ. ದಿನಾ ಒಂದು ಹಿಡಿ ಮುದ್ದೆಯ ಮೇಲೆ ಬದುಕುವ ಸಂಸಾರ ಅದು.

ಇಷ್ಟೆಲ್ಲ ನಡೆಯುವ ಹೊತ್ತಿನಲ್ಲೇ ನಾವು ಕೈ ಹಾಕುತ್ತೇವೆ. ಹಲ್ಲು ಮೊಳೆತು, ಪಾಠ ಶುರುವಾಗುವ ಒಂದು ತಿಂಗಳಿಗೇ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ನೆಂಟರ ತೋಟಕ್ಕೆ ಒಯ್ಯುವುದು ನಮ್ಮ ಕಡೆ ಮಾಮೂಲು. 'ಸಣ್ಣುದ್ರಲ್ಲೇ ತಂದ್ರೆ ಚೆನ್ನಾಗಿ ಒಗ್ಗತೈತೆ' ಎಂಬುದು ಲೆಕ್ಕ. ಒಗ್ಗುವುದು ನಿಜ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ವರ್ಷಗಟ್ಟಲೆ ಮರಿಗಳನ್ನು ಬೆಳೆಸಿ ನೋಡಿದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಹೇಳಿದಂತೆ ಮೂರರಿಂದ ಹನ್ನೆರಡನೆಯ ವಾರದ ತನಕ ಮರಿಯ ಮನಸ್ಸು ಯಾರನ್ನು ಬೇಕಾದರೂ ತನ್ನವರೆಂದು ಒಪ್ಪುತ್ತದೆ. ಆದರೆ ಇಟಲಿಯಲ್ಲಿ 70 ನಾಯಿಗಳನ್ನು ಇನ್ನೊಂದು 70ರ ಜೊತೆ ಹೋಲಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕವೂ ಇದೆ. ತಾಯಿಯನ್ನು 30ರಿಂದ 40 ದಿನದೊಳಗೆ ಬಿಟ್ಟವುಗಳಲ್ಲಿ ಎರಡು ತಿಂಗಳು ಇದ್ದವುಗಳಿಗಿಂತ ಹೆದರಿಕೆ, ಅತಿಯಾದ ಬೊಗಳಾಟ, ವಸ್ತು ಹಾಳುಮಾಡುವುದು, ತಟ್ಟೆಯ ಬಳಿ ಬಂದವರ ಮೇಲೆ ಎಗರುವುದು ಹೆಚ್ಚು. ನಮ್ಮ ದೇಶದ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳೂ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ ಎನ್ನುತ್ತವೆ. ಚೀಲದಲ್ಲಿ ಪುಕ್ಕಟೆ ಹೋಗುವ ಮರಿಗೆ ಯಾವ ನಿಯಮ? ಇನ್ನೊಂದು ತಿಂಗಳು ಅಲ್ಲೇ ಇರಲಿ, ಆಮೇಲೆ ಬಂದು ಕೊಂಡೊಯ್ಯಿ ಎಂದು ನೆಂಟರಿಗೆ ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಬಿಟ್ಟರೂ ಎಷ್ಟು ಉಳಿಯುತ್ತವೆ ಎಂಬುದು ಕಹಿ. ಕೋಲ್ಕತ್ತದ ಅದೇ ತಂಡ 95 ಸೂಲುಗಳ 364 ಮರಿಗಳನ್ನು ಹಿಂಬಾಲಿಸಿತ್ತು. ಮರಿ ಹಾಕುವ ವಯಸ್ಸಿನ ತನಕ ಬದುಕಿದವು ನೂರಕ್ಕೆ 19. ಸತ್ತವುಗಳಲ್ಲಿ ನೂರಕ್ಕೆ 63ಕ್ಕೆ ಒಂದಲ್ಲ ಒಂದು ರೀತಿ ಮನುಷ್ಯರೇ ಕಾರಣ. ನಮ್ಮಲ್ಲಿ ಅದಕ್ಕೆ ಚಿರತೆಯನ್ನೂ ಸೇರಿಸಿ. ಅಂದರೆ ನಿಮ್ಮ ಅಂಗಳದಲ್ಲಿ ನರೆತ ಮೂತಿಯ ನಾಯಿಯೊಂದು ಬಿಸಿಲು ಕಾಯಿಸುತ್ತಿದ್ದರೆ ಅದು ಎಷ್ಟೋ ಗಂಡಾಂತರ ದಾಟಿ ಬಂದ ಅಪರೂಪದ ಹಿರಿಯ!

ಆತಕೂರಿನ ಶಾಸನ ನೆನಪಾಗುತ್ತದೆ. ಕ್ರಿ.ಶ. 949-50ರದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಕೊಟ್ಟ 'ಕಾಳಿ' ಎಂಬ ನಾಯಿ ಹಂದಿಯೊಡನೆ ಕಾದಿ, ಎರಡೂ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಗೆ ಯಾವಾಗ ಕಚ್ಚಬೇಕು, ಯಾವಾಗ ಕಚ್ಚಬಾರದು ಎಂದು ಹೇಳಿಕೊಟ್ಟ ಮುದಿ ನಾಯಿಗೆ ಯಾರೂ ಕಲ್ಲು ನೆಡಲಿಲ್ಲ.

ಅಜ್ಜಿಯ ಕೋಲಿನ ವಿಷಯ ಹೇಳದಿದ್ದರೆ ಆಗದು. ಹಿರಿಯ ನಾಯಿ ಗುರ್ ಎಂದ ಕೂಡಲೇ ಅದಕ್ಕೇ ಏಟು ಬೀಳುತ್ತದೆ. ಹಾಗೆ ದಿನಾ ಬಿದ್ದರೆ ಅದು ಗುರುಗುಟ್ಟುವುದನ್ನೇ ಬಿಡಬಹುದು, ಎಚ್ಚರಿಕೆಯ ಮೆಟ್ಟಿಲುಗಳೆಲ್ಲ ಅಳಿಸಿ ನೇರ ಕಚ್ಚಿಗೇ ಬರಬಹುದು. ನಡುವೆ ಹೋಗಬೇಕಾದ ಹೊತ್ತೂ ಉಂಟು. ಮರಿ ಶರಣಾಗಿ ಬಿದ್ದ ಮೇಲೂ ದೊಡ್ಡದು ಬಿಡದಿದ್ದರೆ, ಹಿಡಿದು ತಲೆ ಒದರಿದರೆ, ರಕ್ತ ಕಂಡರೆ, ಮೂಲೆಗೆ ಸಿಕ್ಕಿದ ಮರಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲದಿದ್ದರೆ ಬಿಡಿಸಲೇಬೇಕು. ಎಲ್ಲ ಹಿರಿಯ ನಾಯಿಗೂ ಈ ವಿದ್ಯೆ ಇರುವುದಿಲ್ಲ. ಚಿಕ್ಕಂದಿನಲ್ಲಿ ಒಂಟಿಯಾಗಿ ಸರಪಳಿಯಲ್ಲಿ ಬೆಳೆದದ್ದಕ್ಕೆ ಯಾರು ಹೇಳಿಕೊಟ್ಟಿದ್ದರು?

ಉಳಿದಂತೆ ಜಗಲಿಯ ಮೇಲೆ ಕೂತು ನೋಡಿ. ಹೋದ ಚಳಿಗಾಲ ಮೂತಿ ಹಿಡಿಸಿಕೊಂಡು ಕಿರುಚಿದ್ದ ಹೆಣ್ಣುಮರಿ ಈ ಚಳಿಗಾಲಕ್ಕೆ ತಾಯಿಯ ಹೊಸ ಸೂಲಿಗೆ ದೊಡ್ಡಕ್ಕ. ತಾಯಿ ಊರೊಳಗೆ ಅನ್ನ ಹುಡುಕಿ ಹೋದಾಗ ಮರಿಗಳ ಬಳಿ ಇರುವುದು ಅದೇ. ಒಂದು ಮರಿ ಅದರ ಕಿವಿಗೆ ಜೋತುಬೀಳುತ್ತದೆ, ಅದು ಮುಖ ತಿರುಗಿಸುತ್ತದೆ. ಇನ್ನೊಂದು ಬಾಲ ಎಳೆಯುತ್ತದೆ, ಅದು ಎದ್ದು ಎರಡು ಹೆಜ್ಜೆ ಆಚೆ ಹೋಗಿ ಮಲಗುತ್ತದೆ. ಮೂರನೆಯದು ಅದರ ಬಾಯಲ್ಲಿದ್ದ ಕಾಯಿಚೂರಿಗೇ ಬಂತು. ಮೇಲ್ದುಟಿ ಒಂದು ಬದಿಯಲ್ಲಿ ಏಳುತ್ತದೆ.